ಗುಂಡಿಯ ಮೇಲಿನ ವಿಭೂತಿ

ನಮ್ಮ ಭಜನಾ ತಂಡಕ್ಕೆ ಈ ವರ್ಷ ಹೊಸದಾಗಿ ನಾಲ್ಕು ಹೆಣ್ಣುಮಕ್ಕಳು ಗಿಟಾರ್ ಕಲಿಯಲು ಬಂದಿದ್ದಾರೆ. ಬಂದವರೆಲ್ಲ ನನ್ನನ್ನು ಕೇಳುವುದು ತಂತಿಯ ವಿಷಯ, ಬೆರಳು ನೋಯುವ ವಿಷಯ, ಯಾವುದನ್ನು ಕೊಂಡರೆ ಒಳ್ಳೆಯದು ಎನ್ನುವ ವಿಷಯ. ಗಿಟಾರಿನ ಹೊಟ್ಟೆಯ ಮೇಲೆ, ಬಲಗೈಯ ಪಕ್ಕದಲ್ಲೇ ಕೂತಿರುವ ಎರಡು ಗುಂಡಿಗಳ ವಿಷಯವನ್ನು ಒಬ್ಬಳೂ ಕೇಳಲಿಲ್ಲ. ಅವರನ್ನು ದೂರುವುದಿಲ್ಲ. ನಾನೂ ಹದಿಮೂರು ವರ್ಷ ಕೇಳಿರಲಿಲ್ಲ. ಕೇಳದೆ ಇದ್ದದ್ದು ದಡ್ಡತನ. ತಿಳಿದ ಮೇಲೆ ಮಾಡಿದ್ದು ಹೊಟ್ಟೆಕಿಚ್ಚಿನ ಕೆಲಸ. ಎರಡನ್ನೂ ಬರೆದಿಡುತ್ತೇನೆ. ಈಗ ಬೆರಳಿನ ಗಿಣ್ಣು ಊದಿಕೊಂಡು ಗಿಟಾರ್ ಹಿಡಿಯಲಾಗುವುದಿಲ್ಲ. ಪೆನ್ನು ಹಿಡಿಯಲು ಶಿವ ಬಿಟ್ಟಿದ್ದಾನೆ, ಅದೇ ದೊಡ್ಡದು.

ನಾನು ಸಖರಾಯಪಟ್ಟಣದಲ್ಲಿ ಹುಟ್ಟಿ ಕಡೂರಿಗೆ ಸೊಸೆಯಾಗಿ ಬಂದವಳು. ಮದುವೆಗೆ ಮುಂಚೆ ಎರಡು ವರ್ಷ ವೀಣೆ ಕಲಿತಿದ್ದೆ. ಆಮೇಲೆ ಒಲೆ, ದೇವರ ಮನೆ, ಅತ್ತೆಯ ಔಷಧಿ, ಇಷ್ಟೇ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಮರುಳಪ್ಪ ಮೇಷ್ಟ್ರು ಇದ್ದರು. ಶಾಲೆಯಿಂದ ನಿವೃತ್ತರಾಗಿ, ಹಾರ್ಮೋನಿಯಂ ಮುಂದಿಟ್ಟುಕೊಂಡು ಒಂದು ತಂಡ ಕಟ್ಟಿದ್ದರು. ವಚನ, ತತ್ವಪದ, ಭಕ್ತಿಗೀತೆ. ಗೃಹಪ್ರವೇಶ, ನಾಮಕರಣ, ಮಠದ ಕಾರ್ಯಕ್ರಮ ಎಂದು ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಕರೆದ ಕಡೆಗೆಲ್ಲ ಹೋಗುತ್ತಿದ್ದರು. ಅವರ ಗಿಟಾರಿನವರಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವಾಗ ಗಿಟಾರನ್ನು ಮೇಷ್ಟ್ರ ಹತ್ತಿರವೇ ಬಿಟ್ಟುಹೋದರು. ಒಂದು ಮಧ್ಯಾಹ್ನ ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಮೇಷ್ಟ್ರು ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಬಾಗಿಲಿಗೆ ಬಂದರು.

"ನಿಂಗೆ ವೀಣೆ ಬತ್ತದಂತಲ್ಲ. ಇದನ್ನ ಹಿಡ್ಕೊ. ತಂತಿ ತಂತಿನೇ ಕಣಮ್ಮ."

ನಮ್ಮ ಯಜಮಾನರು ಬೇಡ ಅನ್ನಲಿಲ್ಲ. ಅದು ನನಗೆ ಸಿಕ್ಕ ಮೊದಲ ಪುಣ್ಯ. ಅತ್ತೆ ಮಾತ್ರ, ವಿದ್ಯುತ್ತಿನ ವೀಣೆಯಾ, ಒದ್ದೆ ಕೈಯಲ್ಲಿ ಮುಟ್ಟಬೇಡ ಎಂದರು.

ಮೇಷ್ಟ್ರು ಗುಂಡಿಗಳ ಬಗ್ಗೆ ಹೇಳಿಕೊಟ್ಟದ್ದು ಒಂದೇ ಪಾಠ. ಮೇಲಿನದು ವಾಲ್ಯೂಮ್, ಕೆಳಗಿನದು ಟೋನ್. ಎರಡನ್ನೂ ಪೂರ್ತಿ ತಿರುಗಿಸಿ ಹತ್ತಕ್ಕಿಟ್ಟು ಮರೆತುಬಿಡು, ಮಿಕ್ಕದ್ದನ್ನು ಸೌಂಡ್‌ನವರು ನೋಡಿಕೊಳ್ಳುತ್ತಾರೆ ಎಂದರು. ಹಾಗೇ ಮಾಡಿದೆ. ಅಡುಗೆಗೆ ಹೋಲಿಸಿದರೆ, ಗ್ಯಾಸಿನ ಉರಿಯನ್ನು ಸದಾ ದೊಡ್ಡದಾಗಿಟ್ಟು, ಪಾತ್ರೆಯ ಮುಚ್ಚಳ ಸದಾ ತೆಗೆದಿಟ್ಟು ಹದಿಮೂರು ವರ್ಷ ಅಡುಗೆ ಮಾಡಿದ ಹಾಗೆ. ಹಾಲೂ ಅದೇ ಉರಿಯಲ್ಲಿ, ಹುರುಳಿಯೂ ಅದೇ ಉರಿಯಲ್ಲಿ. ಮಗುವಿಗೆ ಹೆಸರಿಡುವ ಹಾಡಿಗೂ ಮಂಗಳಾರತಿಗೂ ಒಂದೇ ಸದ್ದು. ಮೇಷ್ಟ್ರು ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲ. ಪ್ರತಿ ಕಾರ್ಯಕ್ರಮ ಮುಗಿದಾಗಲೂ "ಆಯ್ತು" ಎನ್ನುತ್ತಿದ್ದರು. ನಾನು ಆ "ಆಯ್ತು" ಅನ್ನೇ ಪ್ರಸಾದದಂತೆ ತೆಗೆದುಕೊಂಡೆ.

ತಂಡದಲ್ಲಿ ಒಂದು ಪದ್ಧತಿ ಇತ್ತು. ಅಭ್ಯಾಸಕ್ಕೆ ಸೇರುವ ಸೋಮವಾರ ಮಧ್ಯಾಹ್ನವೂ ಕಾರ್ಯಕ್ರಮದ ದಿನವೂ ವಾದ್ಯಗಳನ್ನೆಲ್ಲ ಜಮಖಾನದ ಮೇಲೆ ಸಾಲಾಗಿ ಮಲಗಿಸಬೇಕು. ತಂಡದ ಹಿರಿಯ ಹೆಂಗಸು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಒಂದೊಂದು ವಾದ್ಯಕ್ಕೂ ಮೂರು ಬೆರಳಿನಲ್ಲಿ ಎಳೆಯಬೇಕು. ಅಲ್ಲಿಯತನಕ ಯಾರೂ ವಾದ್ಯ ಎತ್ತುವಂತಿಲ್ಲ. ಆ ಕೆಲಸ ನನ್ನದಾಯಿತು. ಗಿಟಾರಿನ ಮೈ ಕನ್ನಡಿಯಂತೆ ನುಣುಪು, ವಿಭೂತಿ ನಿಲ್ಲುವುದಿಲ್ಲ, ಜಾರುತ್ತದೆ. ಗುಂಡಿಗಳ ತಲೆ ಮಾತ್ರ ಒರಟು, ಪುಟ್ಟ ಹಣೆಯ ಹಾಗೆ ಚಪ್ಪಟೆ. ಹಾಗಾಗಿ ಅಲ್ಲೇ ಹಚ್ಚುತ್ತಿದ್ದೆ. ವಾರವಾರವೂ, ಒದ್ದೆಯಾಗಿ, ಭಕ್ತಿಯಿಂದ.

ಕೆಲವು ವರ್ಷಗಳಾದ ಮೇಲೆ ಗಿಟಾರ್ ಕರಕರ ಎನ್ನತೊಡಗಿತು. ಗುಂಡಿಗೆ ಸೆರಗು ತಾಗಿದರೆ ಸಾಕು, ಡಬ್ಬದಲ್ಲಿ ಜಲ್ಲಿಕಲ್ಲು ಅಲ್ಲಾಡಿಸಿದ ಸದ್ದು. ದೇವನೂರಿನ ಒಂದು ಗೃಹಪ್ರವೇಶದಲ್ಲಿ ದಂಪತಿ ಹೊಸಿಲು ದಾಟುವ ಹೊತ್ತಿಗೆ ಸರಿಯಾಗಿ ಹಾಗಾಯಿತು. ಬಾಗಿಲಲ್ಲಿ ಕೂತಿದ್ದ ಅಜ್ಜಿಯೊಬ್ಬರು ಪಕ್ಕದವರಿಗೆ, ಒಳಗೆ ಆಗಲೇ ಒಗ್ಗರಣೆ ಹಾಕ್ತಾವ್ರೆ ಕಣೇ, ಹಾಲು ಇನ್ನೂ ಉಕ್ಕಿಲ್ಲ ಎಂದರು. ನಾನು ಸೌಂಡ್‌ನವರ ಮೇಲೆ ರೇಗಿದೆ. ಆ ಬಡಪಾಯಿಗಳು ಮೂರು ಸಲ ವೈರ್ ಬದಲಾಯಿಸಿದರು. ತಪ್ಪು ನನ್ನ ಮೂರು ಬೆರಳಿನದು ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ಕ್ಷಮಿಸಬೇಕು.

ಇಂಥ ಹೊತ್ತಿನಲ್ಲಿ ಕವಿತಾ ಬಂದಳು.

ಶಿವನಿಯ ಹುಡುಗಿ, ಇಪ್ಪತ್ತೆರಡು ವರ್ಷ, ರೈಲಿನಲ್ಲಿ ಬಂದು ಹೋಗುತ್ತಿದ್ದಳು. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದಾಗ ಗೆಳತಿಯೊಬ್ಬಳಿಂದಲೂ ಫೋನಿನ ವಿಡಿಯೋ ನೋಡಿಯೂ ಕಲಿತಿದ್ದಳಂತೆ. ತನ್ನದೇ ಗಿಟಾರ್ ತಂದಿದ್ದಳು. ಮೊದಲ ಸೋಮವಾರ ಮೇಷ್ಟ್ರು ಒಂದು ವಚನ ಹಾಡುತ್ತಾ, ನೀನೂ ಜೊತೆಗೆ ಬಾ ಎಂದರು. ಅವಳು ಶುರು ಮಾಡುವ ಮುಂಚೆ ಮೇಲಿನ ಗುಂಡಿಯನ್ನು ಸ್ವಲ್ಪ, ಕೆಳಗಿನದನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದಳು. ಸದ್ದು ಒಳಮನೆಯಿಂದ ಯಾರೋ ಗುನುಗಿದಂತೆ ಬಂತು. ಮೇಷ್ಟ್ರ ದನಿ ಅದರ ಮೇಲೆ ಚಾಪೆ ಹಾಸಿದಲ್ಲಿ ಕೂತಂತೆ ಕೂತಿತು. ಹಾಡಿನ ನಡುವೆ ದನಿ ನಿಂತಾಗ ಅವಳ ಬಲಗೈ ಕಿರುಬೆರಳು ಮೇಲಿನ ಗುಂಡಿಯನ್ನು ಒಂಚೂರು ಏರಿಸಿತು, ದನಿ ಮತ್ತೆ ಬಂದಾಗ ಇಳಿಸಿತು. ತಂತಿ ಮೀಟುವ ಕೈ ನಿಲ್ಲಲೇ ಇಲ್ಲ.

ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು. "ಎಲ್ಲಿ, ಇನ್ನೊಂದ್ಸಲ" ಎಂದರು.

ಹದಿಮೂರು ವರ್ಷದಲ್ಲಿ ಆ ಮಾತು ನನಗೆ ಬಂದಿರಲಿಲ್ಲ. ಅಂದು ಸಂಜೆ ಮುದ್ದೆ ತಿರುವುವಾಗ ಕೋಲು ಮುರಿಯುವಷ್ಟು ಸಿಟ್ಟು ಬಂತು. ಕೋಲು ಮುರಿಯಲಿಲ್ಲ, ಅದೂ ಒಂದು ಪುಣ್ಯ. ಅವಳ ಕಿರುಬೆರಳು ಉದ್ದ, ನನ್ನದು ಮೊಟುಕು. ಅವಳ ವಯಸ್ಸಿನ ಮೇಲೆ, ಹಾಸ್ಟೆಲಿನ ಮೇಲೆ, ರೈಲಿನ ಕಿಟಕಿಯಲ್ಲಿ ಒಬ್ಬಳೇ ಕೂತು ಬರುವ ಆ ಸುಖದ ಮೇಲೆ, ಒಂದೊಂದರ ಮೇಲೂ ಹೊಟ್ಟೆ ಉರಿಯಿತು. ಶಿವಪೂಜೆಗೆ ಕೂತರೂ ಕಣ್ಣ ಮುಂದೆ ಆ ಬೆರಳೇ.

ಕೇಳಿ ಕಲಿಯಲು ಮನಸ್ಸು ಒಪ್ಪಲಿಲ್ಲ, ಕದ್ದು ನೋಡಿ ಕಲಿತೆ. ಕದ್ದದ್ದಾದರೂ ವಿದ್ಯೆಯೇ. ಈಗ ಬರುವ ಮಕ್ಕಳಿಗೆ ಅದನ್ನು ಹೇಳಿಬಿಡುತ್ತೇನೆ. ವಾಲ್ಯೂಮನ್ನು ಹತ್ತಕ್ಕೆ ಇಡಬೇಡಿ, ಏಳಕ್ಕಿಡಿ. ಬೇಕಾದಾಗ ಏರಲು ಮೂರು ಮೆಟ್ಟಿಲು ಉಳಿದಿರಬೇಕು. ಅದನ್ನು ಇಳಿಸಿದಾಗ ಸದ್ದು ಸಣ್ಣದಾಗುವುದಷ್ಟೇ ಅಲ್ಲ, ಅದರ ಚೂಪೂ ತುಸು ಕಡಿಮೆಯಾಗುತ್ತದೆ. ಟೋನ್ ಎನ್ನುವುದು ಪಾತ್ರೆಯ ಮುಚ್ಚಳ. ವಚನಕ್ಕೆ ಮೂರು ನಾಲ್ಕಕ್ಕೆ ಇಳಿಸಿದರೆ ಚೂಪು ಹೋಗಿ ದುಂಡಗಾಗುತ್ತದೆ. ಪೂರ್ತಿ ಮುಚ್ಚಿದರೆ ಕಂಬಳಿ ಹೊದ್ದು ಮಾತಾಡಿದಂತೆ, ಮಾತೇ ತಿಳಿಯುವುದಿಲ್ಲ. ವಾಲ್ಯೂಮನ್ನು ಸೊನ್ನೆಗಿಟ್ಟು ತಂತಿ ಮೀಟಿ, ಮೀಟಿದ ಮೇಲೆ ಕಿರುಬೆರಳಿನಲ್ಲಿ ಮೆಲ್ಲಗೆ ಏರಿಸಿದರೆ ಮೀಟಿದ ಪೆಟ್ಟೇ ಕೇಳುವುದಿಲ್ಲ. ದನಿ ಎಲ್ಲಿಂದಲೋ ಹುಟ್ಟಿ ಬರುತ್ತದೆ, ಶಹನಾಯಿಯವರು ಉಸಿರು ತುಂಬಿದ ಹಾಗೆ. ಈಗಿನವರು ಕಾಲಿನಲ್ಲಿ ತುಳಿಯುವ ಪೆಡಲ್ ಇಟ್ಟುಕೊಂಡು ಸದ್ದನ್ನು ಒರಟು ಮಾಡಿಕೊಳ್ಳುತ್ತಾರೆ. ಆಗಲೂ ವಾಲ್ಯೂಮ್ ಇಳಿಸಿ ನೋಡಿ, ಒರಟು ತಾನಾಗಿ ತಿಳಿಯಾಗುತ್ತದೆ. ಪ್ರತಿ ಸಲ ತುಳಿಯಬೇಕಾಗಿಲ್ಲ.

ಇದನ್ನೆಲ್ಲ ಮನೆಯಲ್ಲಿ, ಸಾರು ಕುದಿಯಲಿಟ್ಟು ಅಭ್ಯಾಸ ಮಾಡಲು ಹೋದೆ. ಗುಂಡಿ ಮುಟ್ಟಿದಾಗಲೆಲ್ಲ ಕರಕರ. ವಿದ್ಯೆ ಕೈಗೆ ಬಂದರೂ ಗುಂಡಿ ಬಿಡಲಿಲ್ಲ. ಕೊನೆಗೆ ಗಿಟಾರನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ ಹತ್ತಿ ತರೀಕೆರೆಗೆ ಹೋದೆ. ಅಲ್ಲಿ ಇಮಾಮ್ ಸಾಬ್ರು ಎಂದು ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವವರಿದ್ದರು. ಅವರು ಹಿಂದಿನ ಮುಚ್ಚಳ ಬಿಚ್ಚಿ, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿದರು.

"ಅಮ್ಮಾ, ಇದೇನು, ಒಳಗೆ ದೇವ್ರ ಮನೆ ಮಾಡ್ಬಿಟ್ಟಿದೀರಾ?"

ಗುಂಡಿಯ ಕೆಳಗೆ ಲಾಳದ ಆಕಾರದ ಒಂದು ಕಪ್ಪು ಪಟ್ಟಿ ಇರುತ್ತದೆ. ಅದರ ಮೇಲೆ ಪುಟ್ಟ ಮುಳ್ಳೊಂದು ಓಡಾಡುತ್ತದೆ. ಆ ಓಡಾಟವೇ ಸದ್ದನ್ನು ಏರಿಸಿ ಇಳಿಸುವುದು. ನನ್ನ ಗಿಟಾರಿನಲ್ಲಿ ಗುಂಡಿಯ ಸಂದಿನಿಂದ ಇಳಿದ ವಿಭೂತಿ ನೀರು ಆ ಪಟ್ಟಿಯ ಮೇಲೆ ಸುಣ್ಣದಂತೆ ಗಟ್ಟಿಯಾಗಿ ಕೂತಿತ್ತು. ಅವರು ಬ್ರಷ್ಷಿನಿಂದ ಉಜ್ಜಿ ಬೂದಿಯನ್ನು ಚೆಲ್ಲದೆ ಒಂದು ಕಾಗದಕ್ಕೆ ಹಾಕಿ, ಮಡಿಸಿ ನನ್ನ ಕೈಗೆ ಕೊಟ್ಟರು. ನಿಮ್ಮ ದೇವರದ್ದು, ನಾನು ಕಸಕ್ಕೆ ಹಾಕಬಾರದು ಎಂದರು. ಎರಡು ಗುಂಡಿಗಳ ಕೆಳಗೂ ಹೊಸದನ್ನು ಕೂರಿಸಿದರು. ಹೊರಡುವಾಗ ಹೇಳಿದರು: "ಇನ್ಮೇಲೆ ಹಚ್ಚೋದಾದ್ರೆ ತಲೆ ಕಡೆ ಹಚ್ಚಿ, ಬಿರಡೆ ಹತ್ರ. ದೇವ್ರಿಗೆ ಎಲ್ಲಿ ಹಚ್ಚಿದ್ರೂ ಗೊತ್ತಾಗತ್ತೆ."

ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ಸೋಮವಾರ ಎಲ್ಲರಿಗೂ ಹೇಳಬೇಕು, ನಗಿಸಬೇಕು, ಸೌಂಡ್‌ನವರ ಕ್ಷಮೆ ಕೇಳಬೇಕು ಎಂದುಕೊಂಡೆ. ಬೀರೂರು ದಾಟುವ ಹೊತ್ತಿಗೆ ಬೇರೆ ಯೋಚನೆ ಬಂದಿತ್ತು.

ಸೋಮವಾರ ನನ್ನ ಗಿಟಾರಿಗೆ ತಲೆಯ ಕಡೆ, ಬಿರಡೆಯ ಹತ್ತಿರ ವಿಭೂತಿ ಎಳೆದೆ. ಕವಿತಾಳದಕ್ಕೆ ಎಂದಿನಂತೆ ಗುಂಡಿಯ ಮೇಲೆ ಎಳೆದೆ. ನೀರು ಸ್ವಲ್ಪ ಹೆಚ್ಚೇ ಇತ್ತು. ಯಾರೂ ಏನೂ ಕೇಳಲಿಲ್ಲ. ಹೊಸದಾಗಿ ಏನನ್ನೂ ನಾನು ಮಾಡಲಿಲ್ಲ, ಪದ್ಧತಿಯಂತೆ ನಡೆದುಕೊಂಡೆ ಎಂದು ಒಳಗೊಳಗೇ ಸಮಾಧಾನ ಹೇಳಿಕೊಂಡೆ. ದೇವರ ಹೆಸರಿನಲ್ಲಿ ಎಂಥ ಮಾತನ್ನು ಬೇಕಾದರೂ ಮನಸ್ಸಿಗೆ ಒಪ್ಪಿಸಬಹುದು. ಹೀಗೆ ಮೂರು ತಿಂಗಳು, ವಾರವಾರವೂ ಮಾಡಿದೆ.

ಎರಡನೆಯ ತಿಂಗಳಿಗೆ ಅವಳ ಗಿಟಾರ್ ಕರಕರ ಎಂದಿತು. ಅವಳು ಗುಂಡಿ ಮುಟ್ಟುವುದನ್ನು ಬಿಟ್ಟಳು. ನನಗೆ ಹಬ್ಬವಾಗಬೇಕಿತ್ತು, ಆಗಲಿಲ್ಲ. ಏಕೆಂದರೆ ಅವಳು ಗುಂಡಿಯಿಲ್ಲದೆಯೂ ದಾರಿ ಹುಡುಕಿಕೊಂಡಳು. ದುಂಡು ಸದ್ದು ಬೇಕಾದಾಗ ಕೈಯನ್ನು ಗಿಟಾರಿನ ಕತ್ತಿನ ಕಡೆ ಸರಿಸಿ ಮೀಟುವಳು, ಚೂಪು ಬೇಕಾದಾಗ ಕೆಳಗೆ, ತಂತಿಯ ಬುಡದ ಕಡೆ ತರುವಳು, ಮೆಲ್ಲಗೆ ಬೇಕಾದಾಗ ಹೆಬ್ಬೆರಳಿನ ಮಾಂಸದಲ್ಲಿ ಮುಟ್ಟುವಳು. ಒಳ್ಳೆಯ ಗುಂಡಿ ಇಟ್ಟುಕೊಂಡ ನನಗೆ ಕೆಟ್ಟ ಗುಂಡಿಯ ಅವಳ ಮೇಲೆ ಮೊದಲಿಗಿಂತ ಹೆಚ್ಚು ಕಿಚ್ಚು ಹತ್ತಿತು.

ಶ್ರಾವಣದಲ್ಲಿ ಅಜ್ಜಂಪುರದ ಕಡೆಯ ಒಂದು ಮಠದಲ್ಲಿ ಪ್ರತಿ ವರ್ಷ ಬೆಳಗಿನ ಕಾರ್ಯಕ್ರಮ. ಸ್ವಾಮಿಗಳು ಬಂದು ಕೂರುವ ಮುಂಚೆ ಹಾಡಿಲ್ಲದೆ ಗಿಟಾರ್ ಒಂದೇ ನುಡಿಯಬೇಕು. ಅದು ಮೊದಲಿನಿಂದ ನನ್ನದು. ಊರಲ್ಲಿ ನನ್ನನ್ನು ಜನ ಗುರುತಿಸುತ್ತಿದ್ದದ್ದೂ ಅದರಿಂದಲೇ. ಆ ವರ್ಷ ಮೇಷ್ಟ್ರು ಅದನ್ನು ಕವಿತಾಳಿಗೆ ಕೊಟ್ಟರು. ಕೊನೆಯ ಅಭ್ಯಾಸದ ದಿನ ಅವಳು ವಿಧಿಯಿಲ್ಲದೆ ಗುಂಡಿ ಮುಟ್ಟಿ ಸದ್ದನ್ನು ಏರಿಸಲು ಹೋದಾಗ ಗಿಟಾರ್ ಕರಕರ ಎಂದು ಬಾಯಿ ಮುಚ್ಚಿತು. ಮೇಷ್ಟ್ರು ತಲೆ ಅಲ್ಲಾಡಿಸಿ, ಈ ಸಲವೂ ಗಿರಿಜಾನೇ ನುಡಿಸಲಿ ಎಂದರು. ಕವಿತಾ ಮುಖ ಸಣ್ಣ ಮಾಡಿಕೊಳ್ಳದೆ, ಹೌದು ಅಕ್ಕನೇ ನುಡಿಸಲಿ ಎಂದಳು. ನಾನು ಗೆದ್ದು ಮನೆಗೆ ಹೋದೆ. ಆ ರಾತ್ರಿ ತುಪ್ಪದ ದೀಪ ಹಚ್ಚಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಹಚ್ಚಿದ್ದಂತೂ ನಿಜ.

ಕಾರ್ಯಕ್ರಮದ ಬೆಳಿಗ್ಗೆ ಮಠದ ಪಡಸಾಲೆಯಲ್ಲಿ ಜಮಖಾನ ಹಾಸಿ ವಾದ್ಯ ಮಲಗಿಸಿದರು. ನಾನು ವಿಭೂತಿ ತೇಯ್ದು ಒಂದೊಂದಕ್ಕೇ ಹಚ್ಚುತ್ತಾ ಬಂದೆ. ತಬಲಕ್ಕೆ, ಹಾರ್ಮೋನಿಯಂಗೆ, ನನ್ನ ಗಿಟಾರಿನ ತಲೆಗೆ. ಕವಿತಾ ತನ್ನ ಗಿಟಾರಿನ ಪಕ್ಕ ಮೊಣಕಾಲೂರಿ ಕೂತಿದ್ದಳು. ಮಿಂದ ತಲೆ ಇನ್ನೂ ಒದ್ದೆ.

"ಅಕ್ಕಾ, ನಂದಕ್ಕೆ ಒಂಚೂರು ಜಾಸ್ತಿ ಹಚ್ಚಿ. ಏನೋ ದೋಷ ಸೇರ್ಕೊಂಡಂಗದೆ."

ನನ್ನ ಮೂರು ಬೆರಳು ಗುಂಡಿಯ ಮೇಲೆ, ಒಂದು ಅಂಗುಲ ಎತ್ತರದಲ್ಲಿ ನಿಂತವು. ವಿಭೂತಿ ನೀರು ಬೆರಳ ತುದಿಯಲ್ಲಿ ಹನಿಗಟ್ಟುತ್ತಿತ್ತು. ಅದು ಬೀಳುವ ಮುಂಚೆ ಕೈಯನ್ನು ಎತ್ತಿ ಅವಳ ಹಣೆಗೆ ಎಳೆದೆ. ಅವಳು ಕಣ್ಣು ಮುಚ್ಚಿದಳು. ನನ್ನ ಗಿಟಾರನ್ನು ಎತ್ತಿ ಅವಳ ಮಡಿಲಿಗಿಟ್ಟೆ. ನನಗೆ ಬೆರಳು ನೋವು, ನೀನೇ ನುಡಿಸು ಎಂದೆ. ಆಗ ಬೆರಳು ನೋವಿರಲಿಲ್ಲ. ಸುಳ್ಳು ಹೇಳಿದ್ದಕ್ಕೋ ಏನೋ, ಈಗ ಬಂದಿದೆ.

ಅವಳು ನುಡಿಸಿದಳು. ಸೊನ್ನೆಯಿಂದ ಏರಿಸುತ್ತಾ, ಒಂದು ಸ್ವರ ಹುಟ್ಟಿ ಇನ್ನೊಂದಕ್ಕೆ ಕೈ ಕೊಟ್ಟು ಇಳಿಯುವ ಹಾಗೆ. ಅದು ನನ್ನ ಗಿಟಾರ್. ಅದರ ಹೊಟ್ಟೆಯಲ್ಲಿ ಇಂಥ ದನಿ ಇದೆಯೆಂದು ಅಷ್ಟು ವರ್ಷ ನನಗೆ ಅದು ತೋರಿಸಿರಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎನ್ನುವ ನೆಮ್ಮದಿ ಒಂದು ನಿಮಿಷವೂ ಉಳಿಯಲಿಲ್ಲ. ಕೊಟ್ಟದ್ದನ್ನು ಕಿತ್ತುಕೊಳ್ಳಬೇಕು ಎನ್ನುವಷ್ಟು ಕಿಚ್ಚು. ಸ್ವಾಮಿಗಳು ಬರುವುದು ತಡವಾಯಿತು. ಮೇಷ್ಟ್ರು ಅವಳ ಕಡೆ ತಿರುಗಿ ಇನ್ನೊಂದು ಸಲ ಎಂದು ಕೈ ಮಾಡಿದರು. ಆಮೇಲೆ ನನ್ನ ಕಡೆ ಬಾಗಿ, ತಂಡದಲ್ಲಿದ್ದಷ್ಟು ಕಾಲಕ್ಕೂ ನನಗೆ ಸಿಕ್ಕ ಒಂದೇ ಒಂದು ಮೆಚ್ಚುಗೆಯನ್ನು ಹೇಳಿದರು: "ಗಿಟಾರ್ನ ಚೆನ್ನಾಗಿ ಇಟ್ಕೊಂಡಿದೀಯ ಕಣಮ್ಮ."

ಊಟವಾದ ಮೇಲೆ ಮೇಷ್ಟ್ರೂ ಉಳಿದವರೂ ಸಾಮಾನಿನ ಜೊತೆ ವ್ಯಾನಿನಲ್ಲಿ ಹೋದರು. ವ್ಯಾನ್ ಹತ್ತಿದರೆ ನನಗೆ ವಾಂತಿ, ಹಾಗಾಗಿ ರೈಲಿಗೆಂದು ಅಜ್ಜಂಪುರದ ಸ್ಟೇಷನ್ನಿಗೆ ಬಂದೆ. ಕವಿತಾಳೂ ಬಂದಳು. ಅವಳದು ಶಿವನಿಯ ಕಡೆಯ ರೈಲು, ನನ್ನದು ಕಡೂರಿನ ಕಡೆಯದು. ಕಲ್ಲು ಬೆಂಚಿನ ಮೇಲೆ ಇಬ್ಬರ ನಡುವೆ ಅವಳ ಗಿಟಾರ್. ತರೀಕೆರೆಗೆ ಹೋದದ್ದು, ಸಾಬ್ರು ತೋರಿಸಿದ್ದು, ಆಮೇಲೆ ಮೂರು ತಿಂಗಳು ನಾನು ಮಾಡಿದ್ದು, ಎಲ್ಲವನ್ನೂ ಹೇಳಿಬಿಟ್ಟೆ. ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ.

ಅವಳು ಗಿಟಾರನ್ನು ತನ್ನ ಕಡೆಗೆ ಎಳೆದುಕೊಂಡು ಹಳಿಯ ಕಡೆ ತಿರುಗಿದಳು.

"ನಾನು ಹೊರಗಾದಾಗ ಮುಟ್ಟಿದ್ದಕ್ಕೇ ಹಿಂಗಾಯ್ತು ಅಂದ್ಕೊಂಡಿದ್ದೆ" ಎಂದಳು. "ಆಮೇಲೆ ಆ ದಿನಗಳಲ್ಲಿ ಮುಟ್ಟಲೇ ಇಲ್ಲ. ಮಿಕ್ಕ ದಿನಾನೂ ಮುಟ್ಟೋ ಮುಂಚೆ ತಪ್ಪಾಯ್ತು ಅಂತ ಕೈ ಮುಗೀತಿದ್ದೆ."

ನಮ್ಮಲ್ಲಿ ಆ ಸೂತಕವನ್ನೆಲ್ಲ ನೋಡಬಾರದು ಎಂದು ಹಿರಿಯರು ಹೇಳಿಹೋಗಿದ್ದಾರೆ. ಆದರೂ ಮನೆಮನೆಯಲ್ಲೂ ನೋಡುತ್ತೇವೆ, ನಾನೂ ನೋಡುತ್ತಿದ್ದೆ. ಹಾಳಾದದ್ದು ಒಂದು ಗುಂಡಿ, ಸರಿ ಮಾಡಿಸಿದರೆ ಆಯಿತು ಎಂದುಕೊಂಡಿದ್ದೆ. ಆ ಹುಡುಗಿ ತನ್ನ ಮೈಯನ್ನೇ ತಪ್ಪಿತಸ್ಥ ಮಾಡಿಕೊಂಡು ಅಷ್ಟು ದಿನ ಬದುಕಿದ್ದಳು. ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಶಿವನಿಯ ರೈಲು ಬಂತು. ಗಿಟಾರ್ ಬಿಟ್ಟುಹೋಗು, ಸರಿ ಮಾಡಿಸಿ ತರುತ್ತೇನೆ ಎಂದೆ. ಬಿಟ್ಟು ಹೋದಳು. ತಿರುಗಿ ನೋಡಲಿಲ್ಲ.

ಮರುದಿನವೇ ತರೀಕೆರೆಗೆ ಹೋದೆ. ಸಾಬ್ರು ಮುಚ್ಚಳ ಬಿಚ್ಚಿ, ಒಳಗಿನ ಬಿಳುಪನ್ನು ನೋಡಿ, ನನ್ನ ಮುಖ ನೋಡಿದರು.

"ನಾನು ಹೇಳಿದ್ನಲ್ಲಮ್ಮಾ?"

"ಹೇಳಿದ್ರಿ" ಎಂದೆ.

ಅವರು ಕನ್ನಡಕ ಹಣೆಗೇರಿಸಿ ಬ್ರಷ್ ಎತ್ತಿಕೊಂಡರು. ಈ ಸಲವೂ ಬೂದಿಯನ್ನು ಕಾಗದದಲ್ಲಿ ಮಡಿಸಿ ಕೊಟ್ಟರು. ಆ ಪೊಟ್ಟಣ ಇನ್ನೂ ನಮ್ಮ ದೇವರ ಮನೆಯ ಗೂಡಿನಲ್ಲಿದೆ. ಹಣೆಗೆ ಹಚ್ಚುವ ಧೈರ್ಯವಿಲ್ಲ, ಎಸೆಯುವ ಧೈರ್ಯವೂ ಇಲ್ಲ.

ಮುಂದಿನ ಸೋಮವಾರ ಕವಿತಾ ಬಂದಳು. ಬರುತ್ತಾಳೋ ಇಲ್ಲವೋ ಎಂದು ಬೆಳಿಗ್ಗೆಯಿಂದ ಬಾಗಿಲು ನೋಡಿದ್ದೆ. ನಾನು ಎಲ್ಲರ ಮುಂದೆಯೂ ಗುಂಡಿಯ ಕಥೆ ಹೇಳಿ ತಪ್ಪೊಪ್ಪಿಕೊಂಡೆ. ಮೇಷ್ಟ್ರು ಬಹಳ ಹೊತ್ತು ಹಾರ್ಮೋನಿಯಂ ಒರೆಸುತ್ತಾ ಕೂತರು. ನನ್ನನ್ನು ಕಳಿಸಿಬಿಡುತ್ತಾರೆ ಎಂದುಕೊಂಡೆ, ಕಳಿಸಲಿಲ್ಲ. ವಿಭೂತಿಯ ಬಟ್ಟಲು ಹಿಡಿದು ಕವಿತಾಳ ಗಿಟಾರಿನ ಹತ್ತಿರ ಬಂದಾಗ ಅವಳು ಕೈ ಅಡ್ಡ ಇಟ್ಟಳು.

"ನಂದಕ್ಕೆ ನಾನೇ ಹಚ್ಕೋತೀನಿ ಗಿರಿಜಮ್ನೋರೆ."

ಅಂದಿನಿಂದ ನಾನು ಅಕ್ಕ ಅಲ್ಲ.

ಆಮೇಲೆ ಎಂಟು ವರ್ಷ ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ನುಡಿಸಿದೆವು. ನಾನು ಹಿಮ್ಮೇಳ, ಅವಳು ಮುಂದೆ. ಅವಳು ಏರಿಸಿದಾಗ ನಾನು ಏಳರಿಂದ ಐದಕ್ಕೆ ಇಳಿಯಬೇಕು, ಇಲ್ಲದಿದ್ದರೆ ಇಬ್ಬರ ಸದ್ದೂ ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತದೆ. ಈ ಕೆಲಸದಲ್ಲಿ ನಾನು ಕಲಿತ ಕೊನೆಯ ಪಾಠ ಅದು, ಎಲ್ಲಕ್ಕಿಂತ ಕಷ್ಟದ್ದೂ ಅದೇ. ಏರಿಸುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ. ಇನ್ನೊಬ್ಬರಿಗಾಗಿ ಇಳಿಸಬೇಕಾದಾಗ ಬೆರಳು ಮಾತು ಕೇಳುವುದಿಲ್ಲ. ಒಂದು ದಿನವೂ ಸಂತೋಷದಿಂದ ಇಳಿಸಲಿಲ್ಲ. ಇಳಿಸಿದ್ದಂತೂ ನಿಜ, ಒಂದು ದಿನವೂ ತಪ್ಪಿಸಲಿಲ್ಲ.

ನಾನು ಬಿಟ್ಟ ಮೇಲೆ ಹಿರಿಯಳೆಂದು ವಿಭೂತಿಯ ಬಟ್ಟಲು ಅವಳ ಕೈಗೆ ಹೋಯಿತು. ನನ್ನ ಗಿಟಾರನ್ನು ತಂಡಕ್ಕೇ ಕೊಟ್ಟೆ. ಹೊಸ ಮಕ್ಕಳಲ್ಲಿ ಒಬ್ಬಳು ಅದರಲ್ಲೇ ಕಲಿಯುತ್ತಿದ್ದಾಳೆ. ಕವಿತಾ ಅದಕ್ಕೆ ಹಚ್ಚುವ ಮುಂಚೆ ಎರಡು ಗುಂಡಿಗಳನ್ನೂ ಸೆರಗಿನಿಂದ ಒರೆಸುತ್ತಾಳೆ, ಆಮೇಲೆ ಬಿರಡೆಯ ಹತ್ತಿರ ಮೂರು ಎಳೆ ಎಳೆಯುತ್ತಾಳೆ. ಸಿಕ್ಕಾಗ ಗಿರಿಜಮ್ನೋರೆ, ಕೈ ಹೆಂಗಿದೆ ಎಂದು ಕೇಳುತ್ತಾಳೆ. ಕೇಳುತ್ತಾಳಲ್ಲ, ಸಾಕು.

ಈ ಶ್ರಾವಣದಲ್ಲೂ ಮಠಕ್ಕೆ ಹೋಗಿದ್ದೆ. ಹೆಂಗಸರ ಸಾಲಿನಲ್ಲಿ, ಕಂಬಕ್ಕೆ ಒರಗಿ ಕೂತೆ. ಅವಳು ಸೊನ್ನೆಯಿಂದ ಶುರು ಮಾಡಿದಳು. ದನಿ ಹುಟ್ಟಿ ಮೇಲೇರುವಾಗ ನನ್ನ ಊದಿದ ಕಿರುಬೆರಳು ಸೆರಗಿನ ಅಂಚನ್ನು ಹಿಡಿದು ತಾನಾಗಿ ತಿರುಗುತ್ತಿತ್ತು. ಹೆಚ್ಚು ಸಲ ಅವಳ ಜೊತೆಗೆ ಏರಿಸುವ ಕಡೆಗೆ. ಒಮ್ಮೊಮ್ಮೆ, ಶಿವ ನೋಡುತ್ತಿದ್ದಾನೆ, ಸುಳ್ಳು ಹೇಳಲಾರೆ, ಇಳಿಸುವ ಕಡೆಗೆ.